ಪುಸ್ತಕ ಹೊತ್ತು ನಡೆಯುವವರು ಬೇಕು

(ಧಾರವಾಡದಲ್ಲಿ ಹೊಸ ಬರಹಗಾರರು, ಸಣ್ಣ ಪ್ರಕಾಶಕರು ಮತ್ತು ಗ್ರಾಮೀಣ ಗ್ರಂಥಾಲಯಗಳ ಮೇಲ್ವಿಚಾರಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪುಸ್ತಕದ ಪ್ರಚಾರ ಎಂಬ ಮಾತು ಬಂದ ಕೂಡಲೇ ನಮ್ಮ ಕಡೆಯ ಲೇಖಕರನ್ನು ಒಂದು ಬಗೆಯ ಸಂಕೋಚ ಆವರಿಸುತ್ತದೆ. ಬರೆಯುವುದು ನಮ್ಮ ಕೆಲಸ, ಮಾರುವುದು ಅಂಗಡಿಯವರ ಕೆಲಸ ಎನ್ನುತ್ತಾರೆ. ತಮ್ಮ ಪುಸ್ತಕದ ಬಗ್ಗೆ ತಾವೇ ಎರಡು ಮಾತು ಆಡಿದರೆ ಎಲ್ಲಿ ಹಗುರಾಗುತ್ತೇವೋ ಎಂಬ ಅಳುಕು ಅವರಿಗೆ. ಹಾವೇರಿಯಲ್ಲಿ ಒಂದು ಸಣ್ಣ ಪ್ರಕಾಶನ ನಡೆಸುವ ನನಗೆ ಈ ಸಂಕೋಚ ಎಷ್ಟು ತುಟ್ಟಿಯದು ಎಂಬುದು ಚೆನ್ನಾಗಿ ಗೊತ್ತು. ಅದರ ಬೆಲೆ ತೆರುವವರಲ್ಲಿ ಲೇಖಕರಷ್ಟೇ ಇಲ್ಲ. ಆ ಪುಸ್ತಕ ಸಿಕ್ಕಿದ್ದರೆ ಓದುತ್ತಿದ್ದ, ಸಿಗದೆ ಉಳಿದ ಓದುಗರೂ ಇದ್ದಾರೆ. ಪುಸ್ತಕವನ್ನು ಓದುಗರ ಕೈಗೆ ಮುಟ್ಟಿಸುವುದೂ ಸಾಹಿತ್ಯದ ಕೆಲಸವೇ ಎಂದು ನಾನು ನಂಬಿದ್ದೇನೆ. ಈ ಹೊತ್ತಿನ ನನ್ನ ಮಾತೆಲ್ಲ ಆ ಒಂದು ನಂಬಿಕೆಯ ಸುತ್ತಲೇ ಇರುತ್ತದೆ.

ಈಗ ನಮ್ಮಲ್ಲಿ ನಡೆಯುತ್ತಿರುವುದೇನು ಎಂದು ನೋಡೋಣ. ಪುಸ್ತಕ ಅಚ್ಚಾಯಿತೆಂದರೆ ಮೊದಲು ಆಗಬೇಕಾದದ್ದು ಬಿಡುಗಡೆ ಸಮಾರಂಭ. ವೇದಿಕೆಯ ಮೇಲೆ ಏಳೆಂಟು ಗಣ್ಯರು, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ. ಅತಿಥಿಗಳು ಲೇಖಕರ ಮನೆತನವನ್ನೂ ಅವರ ವಿನಯವನ್ನೂ ಹೊಗಳುತ್ತಾರೆ. ಕೃತಿಯನ್ನು ನಿಜವಾಗಿ ಓದಿಕೊಂಡು ಬಂದ ಒಬ್ಬರಿಗೆ ಕಟ್ಟಕಡೆಗೆ ಹತ್ತು ನಿಮಿಷ ಸಿಗುತ್ತದೆ. ಅಷ್ಟು ಹೊತ್ತಿಗೆ ಅರ್ಧ ಸಭೆ ಊಟದ ಮನೆಯಲ್ಲಿರುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಫೋಟೊ ಬರುತ್ತದೆ. ಅಲ್ಲಿಂದಾಚೆ ಆ ಪುಸ್ತಕದ ಸುದ್ದಿ ಎಲ್ಲಿಯೂ ಕೇಳುವುದಿಲ್ಲ. ಕಟ್ಟುಗಳು ಲೇಖಕರ ಮನೆಯ ಮಂಚದ ಕೆಳಗೆ ಸೇರುತ್ತವೆ. ಇನ್ನುಳಿದ ಆಸೆ ಸರ್ಕಾರದ ಸಗಟು ಖರೀದಿ. ಅದರಲ್ಲಿ ಆಯ್ಕೆಯಾದರೆ ಸಾಮಾನ್ಯವಾಗಿ 300 ಪ್ರತಿ ಗ್ರಂಥಾಲಯ ಇಲಾಖೆಗೆ ಹೋಗುತ್ತವೆ, ಹಣ ಬರುವುದು ತಡವಾಗುತ್ತದೆ. ಸಗಟು ಖರೀದಿ ಬೇಡವೆಂದು ನಾನು ಹೇಳುವುದಿಲ್ಲ. ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಸೂಲಾಗುತ್ತದೆ. ಅದು ಪುಸ್ತಕಗಳಾಗಿ ಊರಿಗೆ ಮರಳಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಆ 300 ಪ್ರತಿಗಳಿಗಾಗಿಯೇ ಪುಸ್ತಕ ಅಚ್ಚು ಹಾಕುವ ರೂಢಿ ಬಂದ ಮೇಲೆ, ಓದುಗರ ಮುಖ ನೋಡುವ ಅಗತ್ಯವೇ ನಮಗೆ ಇಲ್ಲದಂತಾಯಿತು. ಇದು ನನ್ನ ಮನಸ್ಸಿಗೆ ಬಹಳ ನೋವು ಕೊಡುವ ಸಂಗತಿ.

ಯಾಕೆಂದರೆ ನಮ್ಮ ಈ ಸೀಮೆಯ ಚರಿತ್ರೆ ಹೀಗಿಲ್ಲ. ಗಳಗನಾಥರನ್ನು ನೆನಪಿಸಿಕೊಳ್ಳಿ. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಶಿಕ್ಷಕರು 1869ರಲ್ಲಿ ಹುಟ್ಟಿದವರು. ವರದೆ ಮತ್ತು ತುಂಗಭದ್ರೆ ಕೂಡುವ ಗಳಗನಾಥ ಎಂಬ ಊರು ನಮ್ಮ ಹಾವೇರಿ ತಾಲೂಕಿನಲ್ಲಿದೆ. ಅವರ ಹೆಸರು ಆ ಊರಿನದು. ಮುಂಬಯಿ ಪ್ರಾಂತದಲ್ಲಿದ್ದ ಈ ಭಾಗದಲ್ಲಿ ಆಗ ಮರಾಠಿಯ ಪ್ರಭಾವ ಗಾಢವಾಗಿತ್ತು, ಕನ್ನಡದಲ್ಲಿ ಕಾದಂಬರಿ ಓದುವವರು ಎಲ್ಲಿದ್ದಾರೆ ಎಂದು ಕೇಳುವ ಕಾಲ. ಅಂಥ ಕಾಲದಲ್ಲಿ ಅವರು ಕಾದಂಬರಿಗಳನ್ನು ಬರೆದರು, ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ಮನೆಮನೆಯ ಪತ್ರಿಕೆಯಾಗಿ ಬೆಳೆಸಿದರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅವರ ತಿರುಗಾಟ ನಮಗೆ ಇಂದು ತ್ಯಾಗದ ಕಥೆಯಾಗಿ ಮಾತ್ರ ನೆನಪಿದೆ. ಸನ್ಮಾನದ ಭಾಷಣಗಳಲ್ಲಿ ಅದನ್ನು ಹೇಳಿ ಕಣ್ಣೊದ್ದೆ ಮಾಡಿಕೊಳ್ಳುತ್ತೇವೆ. ನನಗೆ ಅದರಲ್ಲಿ ಕಾಣುವುದು ತ್ಯಾಗಕ್ಕಿಂತ ಹೆಚ್ಚಾಗಿ ಒಬ್ಬ ಜಾಣ ಕೆಲಸಗಾರನ ಲೆಕ್ಕಾಚಾರ. ಊರಿಂದ ಊರಿಗೆ ಹೋಗುವವನಿಗೆ ಯಾವ ಊರಿನಲ್ಲಿ ಓದು ಬಲ್ಲ ಹೆಣ್ಣುಮಕ್ಕಳಿದ್ದಾರೆ, ಯಾವ ಮಠದಲ್ಲಿ ಸಂಜೆ ಪುರಾಣ ಓದಿಸುತ್ತಾರೆ, ಯಾವ ಶಾಲೆಯ ಮಾಸ್ತರರು ಒಂದು ಪ್ರತಿ ಕೊಂಡು ಇಡೀ ಓಣಿಗೆ ಓದಿ ಹೇಳುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. ಕುಳಿತಲ್ಲಿಯೇ ಬರೆಯುವವರಿಗೆ ತಿಳಿಯದ ಸಂಗತಿಗಳು ಇವು. ಪುಸ್ತಕ ಹೊತ್ತು ನಡೆದವರಿಗೆ ಓದುಗರ ಪರಿಚಯವಾಗುತ್ತದೆ, ಆ ಪರಿಚಯ ಮುಂದಿನ ಬರವಣಿಗೆಗೂ ಇಳಿಯುತ್ತದೆ.

ಕನ್ನಡ ಕಾದಂಬರಿಯ ಪಿತಾಮಹ ಎಂದು ನಾವು ಗೌರವಿಸುವ ವ್ಯಕ್ತಿ ತನ್ನ ಪುಸ್ತಕ ತಾನೇ ಮಾರಿದ್ದರಿಂದ ಹಗುರಾಗಲಿಲ್ಲ. ನಾವು ಮೊಬೈಲಿನಲ್ಲಿ ಒಂದು ಪುಟ ಓದಿ ಹಾಕಿದರೆ ಹಗುರಾಗುತ್ತೇವೆಯೇ?

ಇನ್ನೊಂದು ಮಾದರಿ ಇದೇ ಧಾರವಾಡದ್ದು. ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಸುಭಾಷ ರಸ್ತೆಯ ಅದರ ಅಟ್ಟ ನಿಮಗೆಲ್ಲ ಗೊತ್ತು. ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಮೊದಲಾದವರ ಮಾತುಕತೆ ನಡೆದ ಜಾಗ ಎಂದು ಅದನ್ನು ನೋಡಲು ದೂರದಿಂದ ಬರುವವರಿದ್ದಾರೆ. ಆ ಅಟ್ಟದ ಮಾತುಕತೆಯಷ್ಟೇ ದೊಡ್ಡದು ಅದರ ಚಂದಾದಾರರ ಪಟ್ಟಿ. ಓದುಗರು ವರ್ಷದ ಚಂದಾ ಮೊದಲೇ ಕೊಡುತ್ತಾರೆ, ವರ್ಷದಲ್ಲಿ ಬಂದ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಯಾವ ಪುಸ್ತಕ ಬರುತ್ತದೆಂದು ಪೂರ್ತಿ ತಿಳಿಯದೆಯೇ ಪ್ರಕಾಶಕರ ಅಭಿರುಚಿಯನ್ನು ನಂಬಿ ಹಣ ಕೊಟ್ಟ ಜನ ಅವರು. ಹೊಸ ನಾಟಕಕಾರನ ಹೆಸರು ಯಾರಿಗೂ ಗೊತ್ತಿಲ್ಲದಿದ್ದಾಗಲೂ ಅವನ ನಾಟಕಕ್ಕೆ ಓದುಗರು ಸಿದ್ಧರಾಗಿರುತ್ತಿದ್ದರು. ಹೊಸ ದನಿಗಳನ್ನು ಅಚ್ಚು ಹಾಕುವ ಧೈರ್ಯಕ್ಕೆ ಆ ಪಟ್ಟಿಯ ಬೆಂಬಲವಿತ್ತು.

ಈ ಮಾತು ಹಳೆಯ ಕಾಲಕ್ಕೆ ಸಂದದ್ದು ಎಂದು ನೀವು ಹೇಳಬಹುದು. ಹಾಗಿಲ್ಲ. 2025ರ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಕಿ ದೀಪಾ ಭಾಸ್ತಿ. ಕನ್ನಡಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕಥೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಎಲ್ಲರೂ ಸಂಭ್ರಮಿಸಿದೆವು. ಅದನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದವರು ಯಾರು ಎಂದು ಎಷ್ಟು ಜನ ಗಮನಿಸಿದಿರಿ? ‘ಆ್ಯಂಡ್ ಅದರ್ ಸ್ಟೋರೀಸ್’ ಎಂಬ ಒಂದು ಸಣ್ಣ ಪ್ರಕಾಶನ. ಇರುವುದು ಲಂಡನ್ನಿನಲ್ಲಿ ಅಲ್ಲ, ಶೆಫೀಲ್ಡ್ ನಗರದಲ್ಲಿ. ಅವರೂ ಚಂದಾದಾರರನ್ನು ನಂಬಿದವರು. ಮುಂಗಡ ಕೊಟ್ಟ ಓದುಗರ ಹೆಸರುಗಳನ್ನು ಪುಸ್ತಕದೊಳಗೆ ಅಚ್ಚು ಹಾಕುವ ಪದ್ಧತಿ ಅವರದು. ಧಾರವಾಡದ ಅಟ್ಟದಲ್ಲಿ 1933ರಲ್ಲಿ ಹೊಳೆದ ದಾರಿಯಲ್ಲೇ ನಡೆದ ಒಂದು ಪ್ರಕಾಶನ, ಹಾಸನದ ಲೇಖಕಿಯ ಕಥೆಗಳನ್ನು ಜಗತ್ತಿನ ಮುಂದೆ ಇಟ್ಟಿತು. ಓದುಗರನ್ನು ಮೊದಲೇ ಕಟ್ಟಿಕೊಳ್ಳುವ ವಿದ್ಯೆ ನಮ್ಮ ಮನೆಯದೇ. ನಾವು ಅದನ್ನು ಕೈಬಿಟ್ಟಿದ್ದೇವೆ.

ಈಗ ಆನ್‌ಲೈನ್ ಪುಸ್ತಕ ಪ್ರವಾಸದ ವಿಷಯಕ್ಕೆ ಬರುತ್ತೇನೆ. 2020ರಲ್ಲಿ ಎಲ್ಲವೂ ಮುಚ್ಚಿದ್ದಾಗ ನಾವು ಜೂಮ್, ಫೇಸ್‌ಬುಕ್ ನೇರ ಪ್ರಸಾರ ಕಲಿತೆವು. ಮರುವರ್ಷ ಧ್ವನಿಯಲ್ಲೇ ಮಾತುಕತೆ ನಡೆಸುವ ಕ್ಲಬ್‌ಹೌಸ್ ಆ್ಯಪ್ ಬಂದು ಕನ್ನಡದ ಕೋಣೆಗಳು ಮಧ್ಯರಾತ್ರಿಯವರೆಗೂ ತುಂಬಿದವು. ಆಮೇಲೆ ಜನ ಬೇಸತ್ತರು, ಬೇಸರಕ್ಕೆ ಕಾರಣವೂ ಇತ್ತು. ಸಭಾಭವನದ ಅದೇ ಸಮಾರಂಭವನ್ನು ನಾವು ಪರದೆಗೆ ಎತ್ತಿ ಹಾಕಿದ್ದೆವು. ಅದೇ ಸ್ವಾಗತ, ಅದೇ ವಂದನಾರ್ಪಣೆ, ಎರಡೂವರೆ ಗಂಟೆಯ ದಾಖಲೆ. ಅದನ್ನು ಯೂಟ್ಯೂಬಿನಲ್ಲಿ ಯಾರು ನೋಡುತ್ತಾರೆ?

ಪ್ರವಾಸ ಎಂದರೆ ಬೇರೆ. ಪ್ರಕಾಶಕರು ಪುಸ್ತಕ ಹೊರಬರುವುದಕ್ಕೆ ತಿಂಗಳು, ಒಂದೂವರೆ ತಿಂಗಳು ಮೊದಲು ಕೆಲವು ಓದುಗರನ್ನು ಆರಿಸಿ ಪ್ರತಿ ಕಳುಹಿಸುತ್ತಾರೆ. ಪ್ರತಿಯೊಬ್ಬರಿಗೂ ತಮ್ಮದೇ ಒಂದು ಬಳಗವಿರಬೇಕು: ಒಂದು ವಾಟ್ಸ್‌ಆ್ಯಪ್ ಗುಂಪು, ಇನ್‌ಸ್ಟಾಗ್ರಾಂ ಪುಟ, ಕಾಲೇಜಿನ ಓದುಗರ ಕೂಟ, ಹೊರನಾಡಿನ ಕನ್ನಡ ಸಂಘ, ಯಾವುದೂ ಆದೀತು. ಒಬ್ಬೊಬ್ಬರಿಗೆ ಒಂದೊಂದು ದಿನ ಗೊತ್ತು ಮಾಡಲಾಗುತ್ತದೆ. ಒಬ್ಬರು ವಿಮರ್ಶೆ ಬರೆಯುತ್ತಾರೆ, ಮತ್ತೊಬ್ಬರು ಲೇಖಕರನ್ನು ಮಾತನಾಡಿಸುತ್ತಾರೆ, ಇನ್ನೊಬ್ಬರು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾರೆ. ಹತ್ತು ಹದಿನೈದು ದಿನ ಪುಸ್ತಕ ಒಂದು ಅಂಗಳದಿಂದ ಇನ್ನೊಂದು ಅಂಗಳಕ್ಕೆ ಸಾಗುತ್ತದೆ. ಎಲ್ಲರೂ ಒಂದೇ ದಿನ ಒಂದೇ ಮುಖಪುಟದ ಚಿತ್ರ ಹಾಕಿ ‘ಶುಭವಾಗಲಿ’ ಎಂದರೆ ಆ ಸದ್ದು ಸಂಜೆಗೆ ಅಡಗುತ್ತದೆ. ದಿನಕ್ಕೊಂದು ಕಡೆ ಹೊಸ ಮಾತು ಹುಟ್ಟಿದರೆ ಎರಡು ಮೂರು ಕಡೆ ಹೆಸರು ಕೇಳಿದವರು ನಾಲ್ಕನೆಯ ಕಡೆ ಕೊಳ್ಳುತ್ತಾರೆ.

ಇಲ್ಲಿ ಬಹಳ ಮುಖ್ಯವಾದದ್ದು ಆತಿಥ್ಯ ವಹಿಸುವವರ ಆಯ್ಕೆ. ನಾವು ಹಿರೇಕೆರೂರು ಕಡೆಯ ಶಿಕ್ಷಕಿಯೊಬ್ಬರ ಕಥೆಗಳನ್ನು ತಂದಾಗ ಹೆಸರಾಂತ ವಿಮರ್ಶಕರ ಬೆನ್ನು ಹತ್ತಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕೆಲಸ ಮಾಡುವ ದಾದಿಯೊಬ್ಬರು, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಯುವಕ, ಗದಗಿನ ಪದವಿ ವಿದ್ಯಾರ್ಥಿನಿಯರ ಒಂದು ಗುಂಪು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ರೋಣದ ಹುಡುಗ, ಇಂಥವರನ್ನು ಹುಡುಕಿದೆವು. ಇವರೆಲ್ಲ ಓದುವವರು, ಓದಿದ್ದನ್ನು ಬೇರೆಯವರಿಗೆ ಹೇಳದೆ ಇರಲಾರದವರು. ಬ್ಯಾಡಗಿಯ ಆ ತಮ್ಮ ಕಥೆಯೊಂದರಲ್ಲಿ ಬರುವ ತೂಕದ ಕಟ್ಟೆಯ ಜಗಳದ ಭಾಗವನ್ನು ಆರಿಸಿಕೊಂಡು ಪೇಟೆಯ ಗುಂಪಿನಲ್ಲಿ ಧ್ವನಿ ಸಂದೇಶವಾಗಿ ಓದಿ ಕಳುಹಿಸಿದ. ‘ಇದನ್ನು ಬರೆದವರು ನಮ್ಮ ಪೇಟೆಯಲ್ಲಿ ಕೆಲಸ ಮಾಡಿದ್ದರೇನು?’ ಎಂದು ಹಿರಿಯ ವರ್ತಕರೊಬ್ಬರು ಕೇಳಿದರಂತೆ. ಕಥಾಸಂಕಲನವನ್ನು ಕೈಯಲ್ಲಿ ಹಿಡಿಯದ ಎಷ್ಟೋ ಜನ ಆ ವಾರ ಪುಸ್ತಕ ತರಿಸಿಕೊಂಡರು. ದಾದಿ ಅಕ್ಕನವರದು ಇನ್ನೂ ಬೇರೆ ಬಗೆ. ರಾತ್ರಿ ಪಾಳಿ ಮುಗಿಸಿ ಬಂದವರಿಗೆಂದು ಅವರು ಬೆಳಗಿನ ಹೊತ್ತು ಕಥೆ ಓದಿದರು. ಬಾಣಂತಿಯ ಕಥೆಯನ್ನು ಓದಿ, ಅದರಲ್ಲಿ ಲೇಖಕಿ ಎಲ್ಲಿ ಸರಿಯಾಗಿ ಕಂಡಿದ್ದಾರೆ, ಎಲ್ಲಿ ಕಂಡಿಲ್ಲ ಎಂದು ನೇರವಾಗಿ ಹೇಳಿದರು. ಲೇಖಕಿ ಅದನ್ನು ಕೇಳಿಸಿಕೊಂಡರು, ಉತ್ತರ ಕೊಟ್ಟರು. ಅಂಥ ಮಾತುಕತೆಯನ್ನು ಯಾವ ಬಿಡುಗಡೆ ಸಮಾರಂಭದಲ್ಲಿಯೂ ನಾನು ಕೇಳಿಲ್ಲ.

ನಾಡಿನ ಬೇರೆ ಭಾಗದಲ್ಲಿ ಬುಕ್ ಬ್ರಹ್ಮದಂಥ ಜಾಲತಾಣಗಳು ಲೇಖಕರ ಸಂದರ್ಶನ, ಪುಸ್ತಕ ಪರಿಚಯಗಳನ್ನು ಕ್ರಮವಾಗಿ ಮಾಡುತ್ತ ಬಂದಿವೆ. ಮೈಲ್ಯಾಂಗ್‌ನಂಥ ಸಂಸ್ಥೆಗಳು ಇ-ಪುಸ್ತಕ, ಕೇಳುವ ಪುಸ್ತಕಗಳನ್ನು ಕನ್ನಡಕ್ಕೆ ತಂದಿವೆ. ಅವುಗಳ ಸಹಾಯ ಪಡೆಯೋಣ. ಆದರೆ ಬೆಂಗಳೂರಿನ ಒಂದು ತಾಣದಲ್ಲಿ ನಮ್ಮ ಪುಸ್ತಕದ ಪರಿಚಯ ಬಂತೆಂದು ಕೈಕಟ್ಟಿ ಕುಳಿತರೆ ನವಲಗುಂದದ, ಶಿಗ್ಗಾವಿಯ ಓದುಗರನ್ನು ಮುಟ್ಟಿದಂತಾಗುವುದಿಲ್ಲ.

ಕೆಲವು ಬಳಕೆಯ ಮಾತುಗಳನ್ನು ಹೇಳಿಬಿಡುತ್ತೇನೆ, ಬರೆದುಕೊಳ್ಳಿ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ. ಹಣ ಕೊಟ್ಟು ಹೆಚ್ಚಿಸಿಕೊಳ್ಳಲು ಹೋಗಬೇಡಿ. ಐದು ನಿಮಿಷ ಓದು, ಇಪ್ಪತ್ತು ನಿಮಿಷ ಸಂವಾದ, ಉಳಿದದ್ದು ಕೇಳುಗರ ಪ್ರಶ್ನೆ, ಅಷ್ಟು ಸಾಕು. ದಾಖಲೆಯನ್ನು ಇಡಿಯಾಗಿ ಹಾಕುವ ಬದಲು ನಾಲ್ಕೈದು ನಿಮಿಷದ ತುಣುಕುಗಳನ್ನಾಗಿ ಮಾಡಿ, ಪ್ರತಿಯೊಂದಕ್ಕೂ ಆ ತುಣುಕಿನಲ್ಲಿರುವ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಕೊಡಿ. ಧ್ವನಿ ಸ್ಪಷ್ಟವಾಗಿರಲಿ, ಚಿತ್ರ ಮಸುಕಾದರೂ ಜನ ಕೇಳುತ್ತಾರೆ, ಧ್ವನಿ ಒಡೆದರೆ ಎದ್ದು ಹೋಗುತ್ತಾರೆ. ಪುಸ್ತಕ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು, ಯಾವ ಸಂಖ್ಯೆಗೆ ಹಣ ಕಳುಹಿಸಬೇಕು ಎಂಬುದನ್ನು ಮಾತಿನ ನಡುವೆಯೇ ಹೇಳಿ, ಬರಹದಲ್ಲೂ ಕೊಡಿ. ಇದನ್ನು ಹೇಳಲು ನಾಚುವವರೇ ಹೆಚ್ಚು. ಕೇಳಿದವರಿಗೆ ಕೊಳ್ಳುವ ಮನಸ್ಸಾಗಿರುವ ಆ ಐದು ನಿಮಿಷದಲ್ಲಿ ದಾರಿ ಕಾಣದಿದ್ದರೆ ಮರುದಿನ ಅವರು ಮರೆಯುತ್ತಾರೆ.

ಇನ್ನೊಂದು ತೊಡಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಗಳ ಪ್ರಕಾಶಕರಲ್ಲಿ ಇದು ಬಹಳ ಇದೆ. ನಮ್ಮ ಪುಟ ವಿನ್ಯಾಸವೆಲ್ಲ ಇನ್ನೂ ‘ನುಡಿ’ ಅಥವಾ ‘ಬರಹ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ನಡೆಯುತ್ತದೆ. ಅದು ಎಲ್ಲ ಕಂಪ್ಯೂಟರ್, ಮೊಬೈಲ್‌ಗಳೂ ಗುರುತಿಸುವ ಯೂನಿಕೋಡ್ ಅಲ್ಲ. ಅದನ್ನು ಅಂತರ್ಜಾಲಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತದೆ. ಹಾಗಾಗಿ ಪುಟದ ಫೋಟೊ ತೆಗೆದು ಹಾಕುತ್ತೇವೆ. ಫೋಟೊದೊಳಗಿನ ಕನ್ನಡವನ್ನು ಹುಡುಕಿ ಓದುಗರ ಮುಂದೆ ತರುವುದು ಹುಡುಕುತಾಣಗಳಿಗೆ ಸುಲಭವಲ್ಲ, ದೃಷ್ಟಿ ಇಲ್ಲದವರ ಮೊಬೈಲ್ ಅದನ್ನು ಓದಿ ಹೇಳಲಾರದು. ಹಳೆಯ ಅಕ್ಷರದಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದು ಅಧ್ಯಾಯವನ್ನು ಬದಲಿಸಿ, ಕಾಗುಣಿತ ತಿದ್ದಿ, ಬರಹವಾಗಿಯೇ ಹಾಕಿ. ಪುಸ್ತಕದ ಹೆಸರು, ಲೇಖಕರ ಹೆಸರನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಕೊಡಿ. ಕನ್ನಡ ಓದುವ ಎಷ್ಟೋ ಮಕ್ಕಳು ಹುಡುಕುವಾಗ ರೋಮನ್ ಅಕ್ಷರವನ್ನೇ ಒತ್ತುತ್ತಾರೆ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಕೊಡುತ್ತದೆ, ಅರ್ಜಿಯೂ ಆನ್‌ಲೈನ್‌ನಲ್ಲಿಯೇ. ಅದಿಲ್ಲದ ಪುಸ್ತಕಕ್ಕೆ ದೊಡ್ಡ ಮಾರಾಟ ತಾಣಗಳ ಬಾಗಿಲು ತೆರೆಯುವುದು ಕಷ್ಟ.

ಇನ್ನು ಅಂಚೆ. ದಶಕಗಳಿಂದ ಸಣ್ಣ ಪ್ರಕಾಶಕರನ್ನು ಸಾಕಿದ ನೋಂದಾಯಿತ ಪುಸ್ತಕ ಅಂಚೆ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ನೂರೈವತ್ತು ರೂಪಾಯಿಯ ಕವನ ಸಂಕಲನಕ್ಕೆ ಅದರ ಅರ್ಧದಷ್ಟು ಅಂಚೆ ವೆಚ್ಚ ಬಿದ್ದರೆ ಯಾರು ತರಿಸಿಕೊಳ್ಳುತ್ತಾರೆ ಎಂದು ದೇಶದ ಪ್ರಕಾಶಕರೆಲ್ಲ ಕೂಗಿದರು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ಎಂದು ದರ ನಿಗದಿ ಮಾಡಿ, ತೆರಿಗೆ ಪ್ರತ್ಯೇಕ ಎಂದರು. ಎಲ್ಲಿ ತಲುಪಿತೆಂದು ನೋಡಿಕೊಳ್ಳಬಹುದು. ನಿಮ್ಮ ಊರಿನ ಅಂಚೆ ಕಚೇರಿಯಲ್ಲಿ ಹೆಸರು ಹಿಡಿದು ಕೇಳಿ, ಈಗಿನ ದರ ತಿಳಿದುಕೊಳ್ಳಿ. ಪುಸ್ತಕದ ಮೇಲೆ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಲೇಬೇಕು. ಅಂಗಡಿಗೆ ಕೊಡುವ ಮೂವತ್ತು ನಲವತ್ತು ಪ್ರತಿಶತ ರಿಯಾಯಿತಿ ನೇರ ಮಾರಾಟದಲ್ಲಿ ಉಳಿಯುತ್ತದೆ. ಅದರಲ್ಲಿ ಅಂಚೆ ವೆಚ್ಚವನ್ನು ನಾವೇ ಭರಿಸಿದರೂ ಲೆಕ್ಕ ಸರಿದೂಗುತ್ತದೆ. ಹಾಗೆಂದು ಅಂಗಡಿಗಳನ್ನು ಮರೆಯಬೇಡಿ. ನೆಚ್ಚಿನ ಅಂಗಡಿಯೊಂದನ್ನು ಪ್ರವಾಸದ ಒಂದು ನಿಲ್ದಾಣವನ್ನಾಗಿ ಮಾಡಿ, ಅಲ್ಲಿ ಲೇಖಕರ ಸಹಿ ಇರುವ ಪ್ರತಿಗಳನ್ನು ಇಡಿ.

ಉತ್ಸವಗಳ ವಿಷಯ. ಸಾಹಿತ್ಯೋತ್ಸವ ಎಂದರೆ ಮಹಾನಗರ, ಐದು ನಕ್ಷತ್ರದ ಹೋಟೆಲ್ ಎಂಬ ಭ್ರಮೆ ನಮ್ಮಲ್ಲಿದೆ. ವೇಲ್ಸ್‌ನ ಹೇ ಎಂಬ ಊರು ನಮ್ಮ ಒಂದು ಹೋಬಳಿ ಊರಿನಷ್ಟೂ ದೊಡ್ಡದಲ್ಲ. ಹಳೆಯ ಪುಸ್ತಕದ ಅಂಗಡಿಗಳಿಂದ ಹೆಸರಾದ ಆ ಊರಿನಲ್ಲಿ 1988ರಲ್ಲಿ ಶುರುವಾದ ಉತ್ಸವಕ್ಕೆ ಇಂದು ಜಗತ್ತಿನಾದ್ಯಂತ ಜನ ಹೋಗುತ್ತಾರೆ. 2020ರಲ್ಲಿ ಅದು ಪೂರ್ತಿ ಆನ್‌ಲೈನ್ ಆಗಿಯೇ ನಡೆಯಿತು. ಪಕ್ಕದ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಭಿಲಾರ ಎಂಬ ಹಳ್ಳಿಯನ್ನು 2017ರಲ್ಲಿ ಪುಸ್ತಕಗಳ ಊರನ್ನಾಗಿ ಮಾಡಿದರು. ಮನೆಗಳ ಪಡಸಾಲೆಯಲ್ಲಿ ಕಪಾಟುಗಳಿವೆ, ಯಾರು ಬೇಕಾದರೂ ಕುಳಿತು ಓದಬಹುದು.

ನಮ್ಮದೇ ಧಾರವಾಡ ಸಾಹಿತ್ಯ ಸಂಭ್ರಮ ಗಿರಡ್ಡಿ ಗೋವಿಂದರಾಜರ ಮುಂದಾಳತ್ವದಲ್ಲಿ 2013ರ ಜನವರಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸುವರ್ಣ ಮಹೋತ್ಸವ ಭವನದಲ್ಲಿ ಆರಂಭವಾಯಿತು. ಸಾಹಿತಿಗಳನ್ನು ಒಂದೆಡೆ ಕೂಡಿಸಿ, ಗೋಷ್ಠಿಗಳನ್ನು ಸಮಯಕ್ಕೆ ಸರಿಯಾಗಿ ನಡೆಸಿ, ಗಂಭೀರವಾದ ಮಾತಿಗೂ ಸಭಾಂಗಣ ತುಂಬಿಸಬಹುದೆಂದು ತೋರಿಸಿಕೊಟ್ಟಿತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳೂ ಈ ಸೀಮೆಗೆ ಬಂದಿವೆ: 2010ರಲ್ಲಿ ಗದಗ, 2019ರಲ್ಲಿ ಧಾರವಾಡ, 2023ರಲ್ಲಿ ಹಾವೇರಿ. ಸಮ್ಮೇಳನದ ಗೋಷ್ಠಿಗಳನ್ನು ಟೀಕಿಸುವವರು ಬಹಳ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ನಿಂತು ನೋಡಿ. ಬುತ್ತಿ ಕಟ್ಟಿಕೊಂಡು ಬಂದ ರೈತ ದಂಪತಿ, ಮಕ್ಕಳನ್ನು ಹೆಗಲೇರಿಸಿಕೊಂಡ ಮಾಸ್ತರರು, ಒಂದು ನಿಘಂಟಿಗಾಗಿ ನಾಲ್ಕು ಮಳಿಗೆ ಸುತ್ತುವ ವಿದ್ಯಾರ್ಥಿ. ಕನ್ನಡ ಓದುವವರಿಲ್ಲ ಎನ್ನುವವರನ್ನು ನಾನು ಆ ಸಾಲಿಗೆ ಕರೆದೊಯ್ಯಬಯಸುತ್ತೇನೆ.

ನನ್ನ ತಕರಾರು ಇರುವುದು ವೇದಿಕೆಗೂ ಮಳಿಗೆಗೂ ನಡುವಿನ ದೂರದ ಬಗ್ಗೆ. ದೊಡ್ಡ ಉತ್ಸವವೊಂದರಲ್ಲಿ ನಮ್ಮ ಲೇಖಕಿ ಗೋಷ್ಠಿಯಲ್ಲಿ ಮಾತನಾಡಿದರು, ಕೇಳಿದ ಹುಡುಗಿಯರು ಪುಸ್ತಕ ಬೇಕೆಂದು ಹಿಂದೆ ಬಂದರು. ಮಳಿಗೆ ಇದ್ದದ್ದು ಮೈದಾನದ ಆಚೆ ತುದಿಯಲ್ಲಿ, ಬಿಸಿಲಿನಲ್ಲಿ ಅರ್ಧ ಕಿಲೋಮೀಟರ್ ನಡೆಯಬೇಕು. ಅಲ್ಲಿಗೆ ತಲುಪಿದವರು ಕೆಲವರೇ. ಜೈಪುರದ ಉತ್ಸವದಲ್ಲಿ ಗೋಷ್ಠಿ ಮುಗಿದ ಕೂಡಲೇ ಲೇಖಕರು ಸಹಿ ಹಾಕುವ ಮೇಜಿಗೆ ಬರುತ್ತಾರೆ, ಪುಸ್ತಕದಂಗಡಿ ಅದೇ ಅಂಗಳದಲ್ಲಿರುತ್ತದೆ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬಾಗಿಲ ಹೊರಗೆ ಒಂದು ಮೇಜು, ಆ ಗೋಷ್ಠಿಯಲ್ಲಿ ಮಾತನಾಡಿದವರ ಪುಸ್ತಕಗಳು, ಹಣ ಪಡೆಯಲು ಒಬ್ಬರು. ಸಂಘಟಕರು ಅತಿಥಿಗಳಿಗೆ ಕಾರು, ಕೋಣೆ ಗೊತ್ತು ಮಾಡುವಾಗಲೇ ‘ನಿಮ್ಮ ಪುಸ್ತಕದ ಪ್ರತಿಗಳನ್ನು ಯಾರು ತರುತ್ತಾರೆ?’ ಎಂದು ಕೇಳುವ ರೂಢಿ ಬರಬೇಕು.

ಉತ್ಸವವನ್ನು ಆನ್‌ಲೈನ್ ಪ್ರವಾಸಕ್ಕೆ ಜೋಡಿಸುವುದು ಇನ್ನೂ ಫಲದಾಯಕ. ಉತ್ಸವಕ್ಕೆ ಎರಡು ವಾರ ಮೊದಲೇ ಪ್ರವಾಸ ಶುರುವಾದರೆ, ಗೋಷ್ಠಿಗೆ ಬರುವವರಲ್ಲಿ ಕೆಲವರಾದರೂ ಓದಿಕೊಂಡು ಬರುತ್ತಾರೆ. ಓದಿದವರು ಕೇಳುವ ಪ್ರಶ್ನೆಯ ಬಿಸಿಯೇ ಬೇರೆ. ನಮ್ಮಲ್ಲಿ ಜಾತ್ರೆಗಳೂ ಇವೆ ಎಂಬುದನ್ನು ಮರೆಯಬಾರದು. ಗದಗಿನ ತೋಂಟದಾರ್ಯ ಮಠದಲ್ಲಿ ಸಿದ್ಧಲಿಂಗ ಸ್ವಾಮಿಗಳು ವಾರದ ಶಿವಾನುಭವವನ್ನು ವಿದ್ವಾಂಸರ ಮಾತಿನ ವೇದಿಕೆಯನ್ನಾಗಿ ಮಾಡಿದರು, ನೂರಾರು ಪುಸ್ತಕ ಪ್ರಕಟಿಸಿದರು. ತೇರು ನೋಡಲು ಬಂದವರು ಪುಸ್ತಕ ಕೊಂಡು ಹೋಗುವುದು ನಮಗೆ ಹೊಸತಲ್ಲ. ಪಂಚಾಂಗ, ಪುರಾಣ, ನಾಟಕದ ಹಾಡಿನ ಪುಸ್ತಕಗಳು ಜಾತ್ರೆಯ ಚಾಪೆಯ ಮೇಲೆ ಮಾರಾಟವಾಗಿಯೇ ಮನೆಮನೆ ಸೇರಿದವು. ಆ ಚಾಪೆಯ ಒಂದು ಮೂಲೆಯಲ್ಲಿ ಇಂದಿನ ಕಥೆ, ಕಾದಂಬರಿ ಏಕೆ ಇರಬಾರದು?

ಸಮಯವಾಗುತ್ತಿದೆ. ಪ್ರಶ್ನೆಗಳಿಗೆ ಬರೋಣ.

ಹಣ ಪಡೆದು ಪುಸ್ತಕದ ಬಗ್ಗೆ ವಿಡಿಯೊ ಮಾಡುವವರಿದ್ದಾರೆ, ಅವರಿಗೆ ಕೊಡಬಹುದೇ ಎಂದು ತರುಣ ಲೇಖಕರೊಬ್ಬರು ಕೇಳಿದರು. ಕೊಡಬೇಡಿ ಎಂದೇ ನನ್ನ ಉತ್ತರ. ಪ್ರತಿ ಕಳುಹಿಸಿ, ಮೆಚ್ಚಿದರೆ ಹೇಳಲಿ, ಮೆಚ್ಚದಿದ್ದರೆ ಅದನ್ನೂ ಹೇಳಲಿ. ಹೊಗಳಿಕೆಯನ್ನು ಕೊಂಡರೆ ಒಂದು ಪುಸ್ತಕ ಮಾರಾಟವಾದೀತು. ಎರಡನೆಯ ಸಲ ಆ ಓದುಗರು ನಮ್ಮನ್ನು ನಂಬುವುದಿಲ್ಲ. ಯಾರ ಸಮಯಕ್ಕಾದರೂ ಹಣ ಕೊಡುವುದಾದರೆ ಚಿತ್ರ ತೆಗೆಯುವವರಿಗೆ, ಧ್ವನಿ ತಿದ್ದುವವರಿಗೆ ಕೊಡಿ, ಅಭಿಪ್ರಾಯಕ್ಕೆ ಕೊಡಬೇಡಿ.

ಮುಂಚಿತವಾಗಿ ಪಿಡಿಎಫ್ ಕಳುಹಿಸಿದರೆ ಅದು ಟೆಲಿಗ್ರಾಂನಲ್ಲಿ ಹರಿದಾಡುವುದಿಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಹರಿದಾಡುತ್ತದೆ. ಕನ್ನಡದ ಎಷ್ಟೋ ಪುಸ್ತಕಗಳಿಗೆ ಹೀಗಾಗಿದೆ, ಇದು ಲೇಖಕರ ಅನ್ನ ಕದಿಯುವ ಕೆಲಸ. ಆದ್ದರಿಂದ ನಾವು ಆತಿಥ್ಯ ವಹಿಸುವವರಿಗೆ ಅಚ್ಚಾದ ಪ್ರತಿಯನ್ನೇ ಕಳುಹಿಸುತ್ತೇವೆ, ಅಂತರ್ಜಾಲಕ್ಕೆ ಒಂದು ಅಧ್ಯಾಯ ಮಾತ್ರ ಹಾಕುತ್ತೇವೆ.

ಕೊನೆಯ ಪ್ರಶ್ನೆ ಶಿಗ್ಗಾವಿ ತಾಲೂಕಿನ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯೊಬ್ಬರದು. ‘ನಮ್ಮ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ, ಟಿವಿ ಇದೆ, ಸಂಜೆ ಮಕ್ಕಳು, ಹೆಣ್ಣುಮಕ್ಕಳು ಬರುತ್ತಾರೆ. ನಿಮ್ಮ ಪ್ರವಾಸದಲ್ಲಿ ನಮ್ಮ ಊರು ಇರಬಹುದೇ ಸರ್?’ ಎಂದರು. ನಾನು ಈ ಸಭೆಗೆ ಬಂದದ್ದು ಸಾರ್ಥಕವಾಯಿತು ಎನ್ನಿಸಿದ ಪ್ರಶ್ನೆ ಅದು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಎಷ್ಟೋ ಕಡೆ ಕಟ್ಟಡ, ಬೆಳಕು, ಉಪಕರಣ ಸುಧಾರಿಸಿವೆ. ಒಬ್ಬೊಬ್ಬರೇ ಮೊಬೈಲ್ ಹಿಡಿದು ಕೇಳುವುದಕ್ಕಿಂತ ಇಪ್ಪತ್ತು ಜನ ಒಟ್ಟಿಗೆ ಕುಳಿತು ದೊಡ್ಡ ಪರದೆಯಲ್ಲಿ ಲೇಖಕರೊಡನೆ ಮಾತನಾಡುವುದು ಹೆಚ್ಚು ಚೆನ್ನ. ಅವರಿಗೆ ನಾನು ಹೇಳಿದ್ದು ಇಷ್ಟು: ಅಕ್ಕ, ನಿಮ್ಮ ಕೇಂದ್ರದ ವಿಳಾಸವನ್ನೂ ಜನ ಸೇರುವ ಹೊತ್ತನ್ನೂ ಬರೆದು ಕೊಡಿ. ಮೂರು ಪ್ರತಿ ಮೊದಲೇ ಕಳುಹಿಸುತ್ತೇವೆ. ಮೂರು ವಾರ ಅವು ಊರಿನಲ್ಲಿ ಕೈಯಿಂದ ಕೈಗೆ ತಿರುಗಲಿ. ಓದಿದವರ ಪೈಕಿ ಒಬ್ಬರು, ಅವರು ಎಂಟನೆಯ ತರಗತಿಯ ಹುಡುಗಿಯಾದರೂ ಸರಿ, ಆ ಸಂಜೆ ಲೇಖಕಿಯನ್ನು ಮಾತನಾಡಿಸಲಿ. ಸಭೆ ಮುಗಿದ ಮೇಲೆ ಪ್ರತಿಗಳು ನಿಮ್ಮ ಕಪಾಟಿನಲ್ಲೇ ಉಳಿಯಲಿ. ಮುಂದಿನ ಊರು ಯಾವುದಾಗಬೇಕು ಎಂಬುದನ್ನು ನೀವೇ ಸೂಚಿಸಿ.